ಹಾಡು ಬಾರದವಳ ಮಗ್ಗಿ

ಅಟ್ಟದಿಂದ ಗೊಂಬೆ ಪೆಟ್ಟಿಗೆ ಇಳಿಸಿ ಮುಚ್ಚಳ ತೆಗೆದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಎದೆ ಡವಡವ ಅಂದಿತು. ನಗಬೇಡಿ. ಹೈಸ್ಕೂಲಿನ ದಿನಗಳಲ್ಲಿ ನನಗೆ ಆ ವಾಸನೆಯೆಂದರೆ ದಸರೆ, ದಸರೆಯೆಂದರೆ ಬೀದಿಯ ಹೆಂಗಸರೆಲ್ಲ ಒಕ್ಕೊರಲಿನಿಂದ ಹೇಳುತ್ತಿದ್ದ ಒಂದೇ ಮಾತು: "ಒಂದು ಹಾಡು ಹೇಳಮ್ಮ!"

ತೊಂಬತ್ತರ ದಶಕದ ಚಾಮರಾಜಪೇಟೆಯಲ್ಲಿ ಗೊಂಬೆ ನೋಡಲು ಹೋದ ಹೆಣ್ಣುಮಕ್ಕಳು ಹಾಡದೆ ಚಕ್ಕುಲಿ ಮುಟ್ಟುವಂತಿರಲಿಲ್ಲ. ನನಗೋ ನಾಲ್ಕು ಜನ ಸೇರಿದರೆ ನಾಲಿಗೆಯೇ ಏಳದು. ಜತೆಗೆ, ಚಕ್ಕುಲಿಗಾಗಿ ಹಾಡುವುದು ಸಂಗೀತಕ್ಕೆ ಅವಮಾನ ಎಂಬ ಆದರ್ಶ ಬೇರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! "ಮಾತಾಡದ ಗೌರಮ್ಮ" ಎಂದೇ ಹೆಸರು ಬಿತ್ತು. ಶಾಲೆಯಲ್ಲೂ ಅಷ್ಟೇ. ಮೇಷ್ಟ್ರು ಎಬ್ಬಿಸಿ ನಿಲ್ಲಿಸಿದರೆ ಬಾಯಿಗೆ ಬೀಗ. ಹಿತ್ತಿಲಲ್ಲಿ ಒಬ್ಬಳೇ ರಾಗ ಎಳೆದುಕೊಂಡರೆ ಮಗ್ಗಿ, ಪಾಠವೆಲ್ಲ ಕಂಠಸ್ಥ.

ಒಂದು ದಸರೆ, ಎದುರುಮನೆ ಪದ್ಮಕ್ಕನ ಹಜಾರ. ಮದ್ದೂರಿನ ಕಡೆಯ ಹಳ್ಳಿಯಿಂದ ಪಕ್ಕದ ಮನೆಗೆ ಸೊಸೆಯಾಗಿ ಬಂದಿದ್ದ ಜಯಾಳನ್ನು ಎಲ್ಲರೂ ಹಾಡು ಹಾಡು ಎಂದು ಹಿಡಿದುಕೊಂಡರು. "ನಂಗೆ ಬರಾಕಿಲ್ಲ ಕಣಕ್ಕ," ಎಂದಳು ಅವಳು. "ಬರಾಕಿಲ್ವಂತೆ!" ಯಾರೋ ಅಣಕಿಸಿದರು. ಜಯಾಳ ಕಣ್ಣು ತುಂಬಿತು. ನನಗೆ ಮೈಯೆಲ್ಲ ಉರಿದುಹೋಯಿತು. ನನಗಾಗಿ ಎಂದೂ ಏಳದ ನಾಲಿಗೆ ಅವಳಿಗಾಗಿ ಎದ್ದಿತು.

"ನಾನು ಹಾಡ್ತೀನಿ!"

ಎದ್ದು ನಿಂತದ್ದೇನೋ ಸರಿ, ಒಂದು ಹಾಡೂ ನೆನಪಾಗಲೊಲ್ಲದು. ಬಾಯಿಗೆ ಬಂದದ್ದು ಹಿತ್ತಿಲಿನ ರಾಗವೊಂದೇ. ಕಣ್ಣು ಮುಚ್ಚಿ ಶುರು ಮಾಡಿಯೇಬಿಟ್ಟೆ: "ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು..."

ಹಜಾರವೆಲ್ಲ ಬಿದ್ದು ಬಿದ್ದು ನಕ್ಕಿತು. ಆ ನಗುವಿನ ನಡುವೆ ಇನ್ನೊಂದು ದನಿ ಬಂದು ಸೇರಿತು. ಜಯಾ! ಅವಳ ಹಳ್ಳಿ ಶಾಲೆಯಲ್ಲೂ ಮಗ್ಗಿಗೆ ಅದೇ ರಾಗವಂತೆ. ಇಪ್ಪತ್ತಕ್ಕೆ ಬರುವಷ್ಟರಲ್ಲಿ ಪದ್ಮಕ್ಕ ತಾಳ ಹಾಕುತ್ತಿದ್ದರು. ಅಣಕಿಸಿದವರೇ, "ಲೇ ಗೌರಮ್ಮ, ಮೂರರ ಮಗ್ಗೀನೂ ಹೇಳೇ!" ಎಂದರು. ಅಂದಿನ ಚಕ್ಕುಲಿಯ ರುಚಿಯನ್ನು ಏನೆಂದು ಹೇಳಲಿ! ಗೆದ್ದವರ ಚಕ್ಕುಲಿ ಅದು.

ಗುಂಪಿನೊಡನೆ ಮಾತಾಡುವುದು ನನಗೆ ಇಂದಿಗೂ ಬಾರದು. ಗುಂಪಿನಲ್ಲಿ ಒಬ್ಬರು ನನ್ನವರೆನಿಸಿದರೆ ಸಾಕು, ಅವರೊಬ್ಬರಿಗೆ ಹೇಳುತ್ತೇನೆ; ಉಳಿದವರು ಕೇಳಿಸಿಕೊಳ್ಳುತ್ತಾರೆ. ಈ ಉಪಾಯದಿಂದಲೇ ಟೀಚರಾದೆ ಎಂದರೆ ನಂಬಿ.

ಗೇಟಿನ ಸದ್ದಾಯಿತು. ಜಯಾ ಬಂದಿದ್ದಾಳೆ, ಹಿಂದೆ ತಲೆ ತಗ್ಗಿಸಿದ ಅವಳ ಹೊಸ ಸೊಸೆ.

"ಇವ್ಳಿಗೆ ಹಾಡು ಬರಲ್ವಂತೆ ಕಣೆ," ಎಂದಳು ಜಯಾ, ನಗು ತಡೆದುಕೊಂಡು.

ಎದೆಯ ಡವಡವ ಎಲ್ಲಿ ಹೋಯಿತೋ. ಕೈಯಲ್ಲಿದ್ದ ಪಟ್ಟದ ಗೊಂಬೆಯನ್ನು ಕೆಳಗಿಟ್ಟು, ಬೀದಿಗೆಲ್ಲ ಕೇಳುವಂತೆ ದನಿ ಎತ್ತಿದೆ: "ಎರಡೊಂದ್ಲ..."

ಹುಡುಗಿ ತಲೆ ಎತ್ತಿದಳು. "ಎರಡು!" ಎಂದಳು.