ಭಾವ ಪಾಸು ಮಾಡಿದ ಕುರ್ಚಿ

ನಮ್ಮ ಅಕ್ಕನ ಗಂಡ ಕುರ್ಚಿ ಮಾಡುವವರು. ಕುರ್ಚಿಯನ್ನು ಯಾರು ಬೇಕಾದರೂ ಮಾಡಬಹುದು, ಆದರೆ ಅದನ್ನು ‘ಪಾಸು’ ಮಾಡುವುದು ತಮ್ಮೊಬ್ಬರಿಂದಲೇ ಸಾಧ್ಯ ಎಂಬುದು ಅವರ ನಂಬಿಕೆ. ಪಾಲಿಶ್ ಒಣಗಿದ ಮೇಲೆ ಭಾವ ಸ್ವತಃ ಅದರ ಮೇಲೆ ಕೂತು ಒಂದು ಲೋಟ ಚಹಾ ಪೂರ್ತಿ ಕುಡಿಯಬೇಕು. ಅಷ್ಟರಲ್ಲಿ ಕುರ್ಚಿ ಕಿರ್ ಎನ್ನದಿದ್ದರೆ ಅದು ಅಂಗಡಿ ಬಿಡಬಹುದು. ಆ ಹೊತ್ತಿನ ಅವರ ಗಾಂಭೀರ್ಯದ ಮುಂದೆ ನ್ಯಾಯಾಧೀಶರೂ ಹುಡುಗುಬುದ್ಧಿಯವರಂತೆ ಕಂಡಾರು.

ಇಂಥವರಿಗೆ, ಬೇರೆಲ್ಲೂ ಜಾಗ ಸಿಗದ ಹಾಗೆ, ಗುದದ್ವಾರದ ಪಕ್ಕದಲ್ಲೇ ಒಂದು ಕುರು ಎದ್ದಿತು.

ಯಾರಿಗೂ ಹೇಳಲಿಲ್ಲ. ನಿಂತೇ ಊಟ, ನಿಂತೇ ಪೇಪರು. “ಯಾಕೆ ಭಾವ, ಕೂರಬಾರ್ದಾ?” ಅಂದರೆ, “ನಿಂತ್ಕೊಂಡ್ರೆ ಬೆನ್ನು ನೆಟ್ಟಗಿರುತ್ತಪ್ಪಾ” ಎಂದು ನನಗೇ ಉಪದೇಶ. ಕೊನೆಗೆ ಅಕ್ಕ ಆಸ್ಪತ್ರೆಗೆ ಎಳೆದೊಯ್ದಳು. ಕೀವು ತೆಗೆದರು, ವಾಸಿಯಾಯಿತು, ಮತ್ತೆ ಬಂತು. ಮತ್ತೆ ಕೊಯ್ದರು, ಪಕ್ಕದಲ್ಲಿ ಇನ್ನೊಂದು ಬಾಯಿ ತೆರೆದು ಸೋರತೊಡಗಿತು. ಅಂಗಡಿಯಲ್ಲಿ ಪಾಸಾಗದ ಕುರ್ಚಿಗಳು ಸೂರು ಮುಟ್ಟುವಂತೆ ಪೇರಿಕೊಂಡವು. “ಇನ್ನು ನಾನು ಕೂತ ಹಾಗೇ” ಎಂದು ಒಂದು ದಿನ ಭಾವ ಅಂದಾಗ ನಗುವುದಕ್ಕೆ ನನಗೂ ಆಗಲಿಲ್ಲ.

“ನಾನು ಕೂರ್ತೀನಿ, ಅದೇನು ಮಹಾ!” ಎಂದು ಅಕ್ಕ ಲೋಟ ಹಿಡಿದು ಕೂತೇಬಿಟ್ಟಳು.

“ಏಯ್, ಕುರ್ಚಿ ಮಾತಾಡೋದು ನಿಂಗೆ ಕೇಳ್ಸುತ್ತೇನೇ?”

“ಇಷ್ಟು ವರ್ಷ ನಿಮ್ಮ ಮಾತು ಕೇಳಿದೀನಿ. ಕುರ್ಚಿದು ಯಾವ ಲೆಕ್ಕ ಬಿಡಿ.”

ಪೇರಿದ್ದ ಕುರ್ಚಿಗಳ ರಾಶಿ ಕರಗತೊಡಗಿತು. ಒಂದೆರಡನ್ನು ಅವಳು ಮುಲಾಜಿಲ್ಲದೆ ಮೂಲೆಗೂ ತಳ್ಳಿದಳು.

ಆಗ ಸಿಕ್ಕವರು ಒಬ್ಬ ಹೊಸ ಡಾಕ್ಟರಮ್ಮ. ಕೀವಿನಲ್ಲಿ ಸಣ್ಣ ಹಳದಿ ಕಾಳುಗಳನ್ನು ಕಂಡು ಹುಬ್ಬೇರಿಸಿದರು. ಕ್ಷಯವಲ್ಲ, ಕರುಳಿನ ರೋಗವೂ ಅಲ್ಲ ಎಂದು ಖಾತ್ರಿ ಮಾಡಿಕೊಂಡರು. ಕೊಯ್ದ ಚೂರನ್ನು ಲ್ಯಾಬಿಗೆ ಕಳಿಸಿ, “ನಿಧಾನಕ್ಕೆ ಬೆಳೆಯೋ ಕ್ರಿಮಿ ಇರಬಹುದು, ಬೇಗ ಎಸೀಬೇಡಿ” ಎಂದು ಹೇಳಿಕಳಿಸಿದರು. ಅನುಮಾನ ನಿಜವಾಯಿತು.

“ಆಕ್ಟಿನೊಮೈಕೋಸಿಸ್ ಅಂತ. ಈ ಜಾಗದಲ್ಲಿ ಬರೋದು ತುಂಬಾ ಅಪರೂಪ. ಬರೀ ಕೊಯ್ದರೆ ಹೋಗಲ್ಲ, ಪೆನಿಸಿಲಿನ್ ಜಾತಿಯ ಔಷಧಿ ತಿಂಗಳುಗಟ್ಟಲೆ ತಗೋಬೇಕು. ವಾಸಿಯಾಗುತ್ತೆ.”

ಭಾವನಿಗೆ ಕೇಳಿಸಿದ್ದು ಒಂದೇ ಮಾತು: ಅಪರೂಪ. ಮೊದಮೊದಲು ಹೆಂಡತಿಯ ಹತ್ತಿರವೂ ಬಾಯಿ ಬಿಡದಿದ್ದವರು ಈಗ ಕ್ಷೌರದಂಗಡಿಯಲ್ಲಿ, ಬಸ್ಸಿನಲ್ಲಿ, ಮೊಳೆ ಕೊಳ್ಳುವಲ್ಲಿ, ಎಲ್ಲೆಲ್ಲೂ ಶುರು. “ಎಲ್ಲರಿಗೂ ಬರೋ ಅಂಥದ್ದಲ್ಲ ಇದು!” ಪಕ್ಕದ ಅಂಗಡಿಯವರು ಸಂಕೋಚದಿಂದ ತಮ್ಮ ಮೂಲವ್ಯಾಧಿಯ ಸುದ್ದಿ ತೆಗೆದರೆ, “ಪಾಪ, ಅದು ತೀರಾ ಸಾಮಾನ್ಯ” ಎಂದು ಕನಿಕರಪಟ್ಟರಂತೆ.

ಹೊಗಳಿಕೊಂಡರೂ ಮಾತ್ರೆ ಮಾತ್ರ ತಪ್ಪಿಸಲಿಲ್ಲ, ಅಕ್ಕ ಬಿಡಬೇಕಲ್ಲ. ಸೋರುವುದು ನಿಂತಿತು, ಗಾಯ ಮುಚ್ಚಿತು. “ಇನ್ನು ಧಾರಾಳವಾಗಿ ಕೂತ್ಕೊಳ್ಳಿ” ಎಂದು ಡಾಕ್ಟರಮ್ಮ ಹೇಳಿದ ದಿನ ಭಾವ ನೆಟ್ಟಗೆ ಅಂಗಡಿಗೆ ಬಂದರು. ಕೈಗೆ ಸಿಕ್ಕ ಕುರ್ಚಿಯನ್ನು ಮೂಲೆಯಿಂದ ಎಳೆದು, ಉಸಿರು ಬಿಗಿಹಿಡಿದು, ಮೆಲ್ಲಗೆ ಕೂತರು. ಅಕ್ಕ ಚಹಾ ಕೊಟ್ಟಳು. ನಾವಿಬ್ಬರೂ ಅವರ ಮುಖವನ್ನೇ ನೋಡುತ್ತ ನಿಂತೆವು. ಒಂದು ಗುಟುಕು. ಇನ್ನೊಂದು. ಬಿಗಿದಿದ್ದ ಭುಜ ಇಳಿಯಿತು, ಲೋಟ ಖಾಲಿಯಾಯಿತು, ಮುಖ ಅರಳಿತು.

“ಪಾಸು!”

“ಅಯ್ಯೋ ರೀ, ಅದು ನಾನು ಫೇಲ್ ಮಾಡಿಟ್ಟಿದ್ದು! ಹಿಂದಿನ ಕಾಲು ಗಿಡ್ಡ, ತೊಟ್ಟಿಲ ಥರ ಆಡ್ತಿದೆ ನೋಡಿ.”

ಭಾವ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ವಾಲಿದರು. ಕುರ್ಚಿ ಟಕ್ ಟಕ್ ಎಂದಿತು.

“ಆಡ್ಲಿ ಬಿಡೇ,” ಎಂದರು. “ಇನ್ನೊಂದು ಲೋಟ ಚಹಾ ತಾ.”