ಶೇಖರಪ್ಪನ ದಂಡಯಾತ್ರೆ

ಲಂಡನ್ನಿನ ಹ್ಯಾರೋದ ಕನ್ನಡಿಗರಲ್ಲಿ ಶೇಖರಪ್ಪನಷ್ಟು ಯುದ್ಧ ಗೆದ್ದವರು ಇನ್ನೊಬ್ಬರಿರಲಿಲ್ಲ. ಎಲ್ಲವನ್ನೂ ಅವನು ಕೂತಲ್ಲೇ ಗೆದ್ದಿದ್ದ. ಕಾರ್ಗಿಲ್ ಯುದ್ಧ ನಡೆದ ಬೇಸಿಗೆಯಲ್ಲಿ ಟಿವಿಯ ಮುಂದಿನ ಸೋಫಾದಿಂದ ಏಳದೆ ಬೆಟ್ಟದ ಮೇಲೆ ಬೆಟ್ಟ ಹತ್ತಿದ. ಹೆಂಡತಿ ಚಹಾ ತರುವುದು ತಡವಾದಾಗ ಮಾತ್ರ ಕೊಂಚ ಹಿಂದೆ ಸರಿದ. ಆಗಿನಿಂದ ಕನ್ನಡ ಬಳಗದವರು ಬೆನ್ನ ಹಿಂದೆ ಅವನನ್ನು ಜನರಲ್ ಎಂದು ಕರೆಯತೊಡಗಿದರು. ಅದು ಅವನ ಕಿವಿಗೂ ಬಿತ್ತು. ಅವನು ಅದನ್ನು ಹೊಗಳಿಕೆ ಎಂದು ತಿಳಿದು ಮೀಸೆಯನ್ನು ಇನ್ನಷ್ಟು ದಪ್ಪ ಬಿಟ್ಟ.

ಊರು ಬೆಳಗಾವಿ ಕಡೆಯ ಒಂದು ಹಳ್ಳಿ. ಮನೆಗೊಬ್ಬರಂತೆ ಮಿಲಿಟರಿಗೆ ಹೋಗುವ ಊರು ಅದು. ಸೇನಾ ಭರ್ತಿಗೆ ಅಣ್ಣ ಮಲ್ಲಪ್ಪ ಸಾಲಿನಲ್ಲಿ ನಿಂತ ದಿನ ತಮ್ಮ ಶೇಖರಪ್ಪ ಅಜ್ಜಿಯ ಮನೆಯಲ್ಲಿ ಜ್ವರ ಬಂದು ಮಲಗಿದ್ದ. ಭರ್ತಿ ಮುಗಿಸಿ ಸಾಹೇಬರ ಜೀಪು ಊರು ಬಿಟ್ಟಿತು, ಜ್ವರವೂ ಬಿಟ್ಟಿತು. ಆಮೇಲೆ ಓದಿ, ಮದುವೆಯಾಗಿ, ಲಂಡನ್ನಿಗೆ ಬಂದು, ಪಾರ್ಕ್ ರಾಯಲ್‌ನ ಒಂದು ಆಹಾರ ಗೋದಾಮಿನಲ್ಲಿ ಮ್ಯಾನೇಜರ್ ಆದ. ಪಕ್ಕದ ಮನೆಯವನು ತನ್ನ ವ್ಯಾನನ್ನು ಇವನ ಗೇಟಿಗೆ ಅಡ್ಡ ನಿಲ್ಲಿಸಿದರೆ ಕೇಳುವ ಧೈರ್ಯ ಇವನಿಗಿರಲಿಲ್ಲ. ಅದಕ್ಕೆ ಹೆಂಡತಿ ಪಾರ್ವತೆವ್ವನನ್ನೇ ಕಳಿಸುತ್ತಿದ್ದ. ಆಕೆ ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಎರಡು ಮಾತಾಡಿ ವ್ಯಾನ್ ತೆಗೆಸಿ ಬರುತ್ತಿದ್ದಳು.

ಇಂಥ ಮನುಷ್ಯನಿಗೆ ಮಿಲಿಟರಿ ಅಳಿಯ ಸಿಕ್ಕಿದ್ದು ದೈವಲೀಲೆಯೇ ಸರಿ. ಮಗಳು ನೇತ್ರಾ ಹ್ಯಾರೋದಲ್ಲೇ ಹುಟ್ಟಿದವಳು, ಅಲ್ಲೇ ಔಷಧ ಅಂಗಡಿಯೊಂದರಲ್ಲಿ ಫಾರ್ಮಸಿಸ್ಟ್. ಧಾರವಾಡದಲ್ಲಿ ನೆಂಟರ ಮದುವೆಗೆ ಹೋದಾಗ ನಿವೃತ್ತ ಮಾಸ್ತರ ನಿಜಲಿಂಗಪ್ಪನವರ ಮಗ ನಿತೀಶನ ಪರಿಚಯವಾಯಿತು. ಹುಡುಗ ಸೇನೆಯಲ್ಲಿ ಕ್ಯಾಪ್ಟನ್. ಒಂದು ವರ್ಷ ಇಮೇಲ್ ಓಡಾಡಿದವು. ಎರಡು ಸಾವಿರದ ಒಂದರ ಬೇಸಿಗೆ ರಜೆಯಲ್ಲಿ ಎಲ್ಲರೂ ಊರಿಗೆ ಹೋದಾಗ ಹುಡುಗನ ತಾಯಿ ಹಸಿರು ಇಳಕಲ್ ಸೀರೆ ಉಡಿಸಿ, ನೇತ್ರಾಳ ಉಡಿ ತುಂಬಿದರು. ನಮ್ಮ ಕಡೆ ಉಡಿ ತುಂಬಿದ ಮೇಲೆ ಹುಡುಗಿ ಅರ್ಧ ಆ ಮನೆಯವಳೇ. ಮದುವೆ ಬರುವ ಮೇ ತಿಂಗಳಿಗೆ ಎಂದಾಯಿತು. ಸಮವಸ್ತ್ರದಲ್ಲಿದ್ದ ಅಳಿಯನ ಫೋಟೋ ಶೇಖರಪ್ಪನ ಪಾಕೀಟು ಸೇರಿತು. ರೇನರ್ಸ್ ಲೇನ್‌ನ ಅಂಗಡಿಯಲ್ಲಿ ಬದನೆಕಾಯಿ ಕೊಳ್ಳುವಾಗಲೂ ಅದು ಹೊರಗೆ ಬರುತ್ತಿತ್ತು.

ಅದೇ ಡಿಸೆಂಬರಿನಲ್ಲಿ ದೆಹಲಿಯ ಸಂಸತ್ತಿನ ಮೇಲೆ ದಾಳಿಯಾಯಿತು. ಸೇನೆ ಗಡಿಗೆ ಹೊರಟಿತು. ನಿತೀಶನೂ ರಾಜಸ್ಥಾನದ ಮರಳಿಗೆ ಹೋದ. ಜನರಲ್ ಸಾಹೇಬರ ಅದೃಷ್ಟ ಖುಲಾಯಿಸಿತು.

ಜನವರಿಯ ಸಂಕ್ರಾಂತಿ ಕೂಟ ಎಂದಿನಂತೆ ಚರ್ಚಿನ ಹಾಲಿನಲ್ಲಿ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಕರಾವಳಿಯವರ ಕಡುಬು ಚಟ್ನಿ ಎಲ್ಲ ಒಂದೇ ಮೇಜಿನ ಮೇಲೆ. ಶೇಖರಪ್ಪ ಅದೇ ಮೇಜನ್ನು ಗಡಿ ಮಾಡಿಕೊಂಡ. ಉಡುಪಿಯ ಅಂಬುಜಾ ತಂದ ಚಟ್ನಿಯ ಬೋಗುಣಿ ಲಾಹೋರ್ ಆಯಿತು. ಚಮಚಗಳು ಟ್ಯಾಂಕುಗಳಾದವು. ಹೋಳಿಗೆಯ ತಾಟಿನಿಂದ ಹೊರಟ ಚಮಚಗಳು ರೊಟ್ಟಿಯ ಬುಟ್ಟಿಯನ್ನು ಬಳಸಿ ಬಂದು ಚಟ್ನಿಯನ್ನು ಸುತ್ತುವರಿದವು.

"ನಾಕ ದಿನ! ನಾಕ ದಿನದಾಗ ಸಿಂಧೂ ನದಿ ದಂಡಿಗೆ ನಮ್ಮ ಹುಡುಗ್ರು ಚಹಾ ಕುಡೀತಾರ. ಏನ್ ನೋಡಾಕತ್ಯಾರೋ ದಿಲ್ಲಿಯೊಳಗ!"

ಕುಂದಾಪುರದ ರಘುರಾಮ ಅಲ್ಲೇ ನಿಂತಿದ್ದರು. ಮೊದಲು ಕುವೈತಿನ ಕಂಪನಿಯೊಂದರ ಕಚೇರಿಯಲ್ಲಿದ್ದವರು. ತೊಂಬತ್ತರಲ್ಲಿ ಇರಾಕಿನ ಸೇನೆ ನುಗ್ಗಿದಾಗ ಉಟ್ಟ ಬಟ್ಟೆಯಲ್ಲಿ ಓಡಿಬಂದವರು.

"ಒಳಗೆ ಹೋಗೋದು ಸುಲಭ ಶೇಖರಪ್ಪನವರೇ," ಎಂದರು. "ನಾನು ಕಣ್ಣಾರೆ ನೋಡಿದ್ದೇನೆ. ಬೆಳಿಗ್ಗೆ ತಿಂಡಿ ಹೊತ್ತಿಗೆ ಊರು ಇರಾಕಿನವರ ಕೈಯಲ್ಲಿತ್ತು. ಆಮೇಲೆ? ಮೊದಲು ಅವರ ಜೊತೆ ಇದ್ದ ದೇಶಗಳೇ ತಿರುಗಿಬಿದ್ದವು. ಅವರ ಪಕ್ಕದಲ್ಲೇ ಅಮೆರಿಕದ ಸೈನ್ಯ ಬಂದು ಗೂಡು ಕಟ್ಟಿತು. ಅದಕ್ಕೂ ಮುಂಚೆ ಇರಾನಿಗೆ ನುಗ್ಗಿ ಎಂಟು ವರ್ಷ ಗಂಡಸರನ್ನು ಸುಟ್ಟುಕೊಂಡಿದ್ದರು. ಈಗ ಇರಾಕಿನಲ್ಲಿ ಉಳಿದ ಹುಡುಗರೆಲ್ಲ ಹೇಗಾದರೂ ದೇಶ ಬಿಡಬೇಕು ಅಂತ ನೋಡುತ್ತಾರೆ. ಹಾಗೆ ಬಂದವರು ನಮ್ಮ ಬೀದಿಯಲ್ಲೇ ಇಬ್ಬರಿದ್ದಾರೆ."

"ಅವ್ರು ಎಷ್ಟು ಮಂದಿ, ನಾವ ಎಷ್ಟು ಮಂದಿ?" ಶೇಖರಪ್ಪ ಚಮಚ ಎತ್ತಿ ಹಿಡಿದ. "ನೂರು ಕೋಟಿ ಅದೀವಿ! ಅದರಾಗ ಒಂದು ಲಕ್ಷ ಹೋತು ಅಂತ ತಿಳೀರಿ. ಏನಾತು? ಹೊಳ್ಯಾಗಿಂದ ಒಂದು ತಂಬಿಗಿ ನೀರು!"

ಕೆಲವರು ಚಪ್ಪಾಳೆ ತಟ್ಟಿದರು. ಎಲ್ಲರ ಮಕ್ಕಳೂ ಹ್ಯಾರೋದ ಶಾಲೆಗಳಲ್ಲಿ ಭದ್ರವಾಗಿದ್ದರು, ತಟ್ಟಲು ಏನಡ್ಡಿ. ಅಂಬುಜಾ ಮಾತ್ರ ಬಂದು, "ಸ್ವಲ್ಪ ಕೊಡಿ ಮಾರಾಯ್ರೆ, ಮಕ್ಕಳು ಊಟಕ್ಕೆ ಕಾಯ್ತಾ ಇದ್ದಾರೆ" ಎಂದು ಲಾಹೋರನ್ನು ಎತ್ತಿಕೊಂಡು ಹೋದರು. ನೇತ್ರಾ ಮೂಲೆಯಲ್ಲಿ ಕೂತು ಹೋಳಿಗೆಯನ್ನು ಚೂರು ಮಾಡುತ್ತಿದ್ದಳು, ಬಾಯಿಗೆ ಇಡುತ್ತಿರಲಿಲ್ಲ. ನಿತೀಶನ ಇಮೇಲ್ ಬಂದು ಬಹಳ ದಿನವಾಗಿತ್ತು. ಪಾರ್ವತೆವ್ವ ಅದನ್ನು ನೋಡಿದಳು. ತಂದೆ ನೋಡಲಿಲ್ಲ, ಚಪ್ಪಾಳೆಯ ಕಡೆ ಮುಖ ಮಾಡಿದ್ದ.

ಆದರೆ ಕಾರು ಹತ್ತಿ ಮನೆ ಸೇರುವಷ್ಟರಲ್ಲಿ ಜನರಲ್‌ನ ಮೀಸೆ ಇಳಿದಿತ್ತು. ನೇತ್ರಾ ಮಹಡಿಗೆ ಹೋದ ಮೇಲೆ ಅಡುಗೆಮನೆಗೆ ಬಂದು, ಬಾಗಿಲು ಮುಂದೆ ಮಾಡಿ, ಹೆಂಡತಿಯ ಹತ್ತಿರ ಪಿಸುಗುಟ್ಟಿದ.

"ಪಾರ್ವತಿ, ಈ ಸಂಬಂಧ ಬ್ಯಾಡ."

"ಯಾವ ಸಂಬಂಧ?"

"ಧಾರವಾಡದ್ದು. ಯುದ್ಧ ಆಗೋದು ಗ್ಯಾರಂಟಿ. ನಾಳೆ ಹುಡುಗಗ ಏನರ ಆದ್ರ ನಮ್ಮ ಹುಡುಗಿ ಗತಿ ಏನು? ವೆಂಬ್ಲಿಯೊಳಗ ಕಲಬುರ್ಗಿಯವರ ಹುಡುಗ ಪ್ರಸಾದ ಅದಾನಲ್ಲ, ಹಲ್ಲಿನ ಡಾಕ್ಟ್ರು. ಮುಂದಿನ ಐತಾರ ಊಟಕ್ಕ ಕರದೀನಿ."

ಪಾರ್ವತೆವ್ವ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು.

"ಯುದ್ಧ ಆಗ್ಲಿ ಅಂತ ಹೊಯ್ಕೊಳ್ಳವರೂ ನೀವ, ಆದ್ರ ಅಳಿಯ ಸಾಯ್ತಾನ ಅನ್ನವರೂ ನೀವ. ನಾಚಿಕಿ ಆಗಂಗಿಲ್ಲೇನ್ರಿ?"

"ಅದು ಬ್ಯಾರೆ, ಇದು ಬ್ಯಾರೆ. ಅದು ದೇಶದ ಮಾತು."

"ಉಡಿ ತುಂಬ್ಯಾರ."

"ಸೀರಿ ಹೊಳ್ಳಿ ಕೊಟ್ರಾತು. ನಮ್ಮ ಬಳಗದ ಉದಯಶಂಕರ್ ಬರೋ ವಾರ ಊರಿಗೆ ಹೊಂಟಾನ, ಅವನ ಕೈಯಾಗ ಕಳಸ್ತೀನಿ. ನೀ ನೇತ್ರಾಗ ಈಗ ಏನೂ ಹೇಳಬ್ಯಾಡ."

ಉಡಿ ತುಂಬಿದ ಸೀರೆ ಹಿಂದಕ್ಕೆ ಹೋದರೆ ಸಂಬಂಧ ಮುರಿಯಿತು ಎಂದೇ ಅರ್ಥ, ಬೇರೆ ಮಾತು ಬೇಕಿಲ್ಲ. ಗಂಡಸಾದವನು ಬೀಗರ ಮನೆಗೆ ಹೋಗಿ ಎದುರು ಕೂತು ಹೇಳಬೇಕಾದ್ದನ್ನು ಇವನು ಸೀರೆಯ ಬಾಯಲ್ಲಿ ಹೇಳಿಸಲು ಹೊರಟಿದ್ದ. ಅದನ್ನು ಒಯ್ಯಲಿರುವ ಉದಯಶಂಕರನಾದರೂ ದಕ್ಷಿಣ ಕರ್ನಾಟಕದವನು, ಈ ಪದ್ಧತಿ ಅರಿಯದವನು. ಉಡುಗೊರೆ ಎಂದರೆ ಉಡುಗೊರೆ ಎಂದು ನಂಬಿ ನಗುನಗುತ್ತ ಕೊಟ್ಟುಬರುವ ಪಾಪದ ಮನುಷ್ಯ. ಮರುದಿನ ನೇತ್ರಾ ಕೆಲಸಕ್ಕೆ ಹೋದಾಗ ಶೇಖರಪ್ಪ ಕಪಾಟಿನಿಂದ ಇಳಕಲ್ ಸೀರೆ ತೆಗೆದು, ಸೂಪರ್‌ಮಾರ್ಕೆಟ್ಟಿನ ಚೀಲದಲ್ಲಿ ಸುತ್ತಿ, ಕಾರಿನ ಡಿಕ್ಕಿಯಲ್ಲಿ ಬಚ್ಚಿಟ್ಟ. ಅವನ ಜೀವಮಾನದ ಮೊದಲ ಸೈನಿಕ ಕಾರ್ಯಾಚರಣೆ ಅದೇ.

ಪಾರ್ವತೆವ್ವನಿಗೆ ಸಿಟ್ಟು ಬಂತು. ಶನಿವಾರದವರೆಗೆ ಗಂಡನೊಡನೆ ಮಾತು ಬಿಟ್ಟಳು. ಅವನಿಗೆ ಅದರ ಅರಿವೇ ಆಗಲಿಲ್ಲ. ಟಿವಿಯಲ್ಲಿ ಗಡಿಯ ಸುದ್ದಿ ಬರುತ್ತಿತ್ತು.

ಶನಿವಾರ ಮಧ್ಯಾಹ್ನ ನಿಜಲಿಂಗಪ್ಪನವರೇ ಧಾರವಾಡದಿಂದ ಫೋನ್ ಮಾಡಿದರು. ಶೇಖರಪ್ಪ ಮುಂದಿನ ಕೋಣೆಯಲ್ಲಿ ಫೋನ್ ಎತ್ತಿದ. ಪಾರ್ವತೆವ್ವ ಬಾಗಿಲಲ್ಲಿ ಒಂದು ಕ್ಷಣ ನಿಂತು, ಯಾರೆಂದು ತಿಳಿದುಕೊಂಡು, ಮಹಡಿ ಹತ್ತಿದಳು.

"ಬೀಗ್ರ, ಆರಾಮ ಅದೀರಿ? ನಿತೀಶ ಫೋನ್ ಮಾಡಿದ್ದ. ಮೇ ತಿಂಗಳಿಗೆ ರಜಾ ಸಿಗೂದು ಅನುಮಾನ ಅಂತ. ಮುಹೂರ್ತ ಸ್ವಲ್ಪ ಮುಂದ ಹಾಕೂಣೇನು ಅಂತ ಕೇಳಾಕ ಮಾಡಿದೆ."

ಶೇಖರಪ್ಪನಿಗೆ ತಾನಾಗಿ ಬಾಗಿಲು ತೆರೆದಂತಾಯಿತು.

"ಮುಂದ ಹಾಕೂದಕಿಂತ... ಹೆಂಗೂ ಯುದ್ಧ ಆಗೂದು ಖರೆ. ಹಿಂಗಾಗಿ ಎರಡೂ ಮನಿಗೆ ತ್ರಾಸ ಬ್ಯಾಡ ಅಂತ... ಸೀರಿ ಕಳಸಾಕತ್ತೀನ್ರಿ. ನಮ್ಮವರೊಬ್ಬರು ಬರ್ತಾರ, ಅವರ ಕೈಯಾಗ."

ಫೋನಿನಲ್ಲಿ ಕಟಕ್ ಎಂದು ಸಣ್ಣ ಸದ್ದಾಯಿತು. ಇಂಡಿಯಾದ ಲೈನೇ ಹೀಗೆ ಎಂದುಕೊಂಡ.

"ಹೌದೇನು," ಎಂದರು ನಿಜಲಿಂಗಪ್ಪ. ದನಿ ಏರಲಿಲ್ಲ. "ಹೊಸ ವರ್ಷದ ದಿನ ಫೋನ್ ಮಾಡಿದಾಗ ನೀವ ಅಂದಿದ್ರಿ, ನೂರು ಕೋಟ್ಯಾಗ ಲಕ್ಷ ಹೋದ್ರ ಏನಾತು ಅಂತ. ನಾ ಸುಮ್ನ ಕೇಳಿಸಿಕೊಂಡೆ. ಆ ಲಕ್ಷದಾಗ ನಮ್ಮ ಹುಡುಗನ್ನ ಹಿಡಿದಿದ್ರೋ, ಬಿಟ್ಟಿದ್ರೋ?"

"ಛೇ ಛೇ, ಬೀಗ್ರ, ಹಂಗಲ್ಲ..."

"ಮತ್ತ ಯಾರನ್ನ ಹಿಡಿದಿದ್ರಿ? ನೂರು ಕೋಟ್ಯಾಗ ನನ್ನಂಥ ಮುದುಕ್ರು ಬಂದ್ರು, ತೊಟ್ಟಲದಾಗಿನ ಕೂಸುಗಳು ಬಂದ್ವು, ಲಂಡನ್ನಿನಾಗ ಕುಂತವರೂ ಬಂದ್ರು. ಸಾಯವರು ಮಾತ್ರ ಮದುವಿ ವಯಸ್ಸಿನವರ. ಅದೂ ನಿಮ್ಮೂರಂಥಾ ಊರವರ. ಒಂದು ಊರಾಗ ಹತ್ತು ಹುಡುಗ್ರು ಹೋದ್ರ ಆ ಊರಾಗ ಹತ್ತು ಮದುವಿ ಆಗಂಗಿಲ್ಲ, ಹತ್ತು ಮನ್ಯಾಗ ತೊಟ್ಟಲಾ ಕಟ್ಟಂಗಿಲ್ಲ. ಈಗ ಯುದ್ಧ ಇನ್ನಾ ಆಗಿಲ್ಲ. ಆಗೂಕಿಂತ ಮೊದಲ ನಿಮ್ಮನ್ಯಾಗ ಒಂದು ಮದುವಿ ನಿಂತು ಹೋತಲ್ಲ!"

ಏನಾದರೂ ಅನ್ನಬೇಕೆಂದು ಶೇಖರಪ್ಪ, "ಗಡಿ ದಾಟಿದ್ರ ನಾಕ ದಿನದಾಗ..." ಎಂದ. ಅಭ್ಯಾಸಬಲ.

"ದಾಟೂದು ದೊಡ್ಡ ಮಾತಲ್ಲ ಅಂತ ನಿತೀಶನೂ ಅಂತಾನ. ದಾಟಿದ ಮ್ಯಾಲ ಅಲ್ಲೇ ಕುಂದ್ರಬೇಕಲ್ಲ. ನಮ್ಮನ್ನ ಕಂಡ್ರ ಆಗಲಾರದ ಮಂದಿ ನಡುವ, ಊರ ಊರಿಗೂ ಕಾವಲಾ ಹಾಕಿ, ಎಷ್ಟು ವರ್ಷ? ಆ ಕಾವಲಾ ಯಾರ ಮಕ್ಕಳು ಕಾಯಬೇಕು? ಈಗ ಬರೇ ಗಡಿ ದಂಡಿಗೆ ನಿಂತಾರ, ಅಷ್ಟಕ್ಕ ರೈತ್ರ ಹೊಲದ ತುಂಬ ನೆಲಬಾಂಬು ಹುಗಿದಾರ. ತಾವ ಹುಗಿದದ್ದು ಸಿಡಿದು ನಿತೀಶನ ಕೈಕೆಳಗಿನ ಹುಡುಗ ಕಾಲ ಕಳಕೊಂಡ. ಇಪ್ಪತ್ತೊಂದು ವಯಸ್ಸು. ಅವನ್ನ ನೀವ ಯಾವ ಲೆಕ್ಕದಾಗ ಹಿಡೀತೀರಿ?"

ಇಂಥ ಹೊತ್ತಿನಲ್ಲಿ ಚಪ್ಪಾಳೆ ತಟ್ಟುವವರು ಯಾರೂ ಇರಲಿಲ್ಲ. ಹೊರಗೆ ಪಕ್ಕದ ಮನೆಯವನು ವ್ಯಾನ್ ಹಿಂದೆ ಮುಂದೆ ಮಾಡುತ್ತಿದ್ದ.

"ಇರ್ಲಿ ಬಿಡ್ರಿ," ನಿಜಲಿಂಗಪ್ಪ ಉಸಿರು ಬಿಟ್ಟರು. "ನಿಮ್ಮ ಮಗಳು, ನಿಮ್ಮ ಇಷ್ಟ. ಹೆಣ್ಣು ಹೆತ್ತವರ ಅಂಜಿಕಿ ನನಗ ತಿಳೀತೈತಿ. ನೀವ ಅಂಜಿದ್ದು ತಪ್ಪಲ್ಲ. ಬ್ಯಾರೆಯವರ ಮಕ್ಕಳ ಸಲುವಾಗಿ ಯಾಕ ಅಂಜಲಿಲ್ಲ, ಅದಷ್ಟು ನನಗ ತಿಳೀಲಿಲ್ಲ. ಸೀರಿ ಕಳಸ್ರಿ, ನಮ್ಮ ಮನಿಯಾಕಿಗೆ ನಾ ಹೇಳ್ತೀನಿ."

"ಮಾವಾರ..."

ಫೋನಿನಲ್ಲಿ ಮೂರನೆಯ ದನಿಯೊಂದು ಕೇಳಿತು. ಮಹಡಿಯ ಕೋಣೆಯಲ್ಲಿ ಇನ್ನೊಂದು ಫೋನಿತ್ತು. ಕಟಕ್ ಎಂದದ್ದು ಇಂಡಿಯಾದ ಲೈನಲ್ಲ. ಪಾರ್ವತೆವ್ವ ರಿಸೀವರ್ ಎತ್ತಿ ಮಗಳ ಕೈಗಿತ್ತು ಪಕ್ಕದಲ್ಲೇ ನಿಂತಿದ್ದಳು. ಹುಟ್ಟಿದಾಗಿನಿಂದ ಅಪ್ಪ ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಹುಡುಗಿ ಈಗ ತಾಯಿಯ ಮಾತಿನಲ್ಲಿ, ನಡುನಡುವೆ ತಡೆದು, ಹೇಳಿದಳು.

"ಮಾವಾರ, ನಾನ್ರಿ, ನೇತ್ರಾ. ಎಲ್ಲಾ ಕೇಳಿದೆ. ಸೀರಿ ಬರಂಗಿಲ್ರಿ. ನಾನ ಬರ್ತೀನಿ. ನಿತೀಶ ಯಾವಾಗ ಬರ್ತಾರೋ ಬರ್ಲಿ. ಅಲ್ಲೀ ತನಕ ನಿಮ್ಮ ಮನ್ಯಾಗ, ಅತ್ತಿಯವರ ಜೊತಿ ಇರ್ತೀನಿ. ಇರ್ಲೇನ್ರಿ?"

ಮಾಸ್ತರರ ದನಿ ಒದ್ದೆಯಾಗಿತ್ತು.

"ಬಾ ತಾಯಿ. ಕೇಳೂದೇನೈತಿ ಅದರಾಗ."

"ನೇತ್ರಾ!" ಶೇಖರಪ್ಪ ಕೂಗಿದ. "ಬೀಗ್ರ, ಅಕಿಗೆ ತಿಳಿಯಂಗಿಲ್ರಿ, ಸಣ್ಣಾಕಿ, ಅಲ್ಲಿ ಪರಿಸ್ಥಿತಿ ಏನೈತಿ ಅಂತ ಅಕಿಗೆ..."

"ಬೀಗ್ರ," ಎಂದರು ನಿಜಲಿಂಗಪ್ಪ, ತುಂಬ ಮರ್ಯಾದೆಯಿಂದ. "ನೀವ ಸ್ವಲ್ಪ ಫೋನ್ ಇಡ್ರಿ. ನಾ ಸೊಸಿ ಕೂಡ ಮಾತಾಡಬೇಕು."

ಶೇಖರಪ್ಪ ಫೋನ್ ಇಟ್ಟ.