ವಾಮನನ ಮೊದಲ ಐದು ಹೋಮ್‌ರನ್

ವಾಮನ ಏಳನೇ ತಿಂಗಳಿಗೇ ಹುಟ್ಟಿದವನು. ಐಂಡ್‌ಹೋವನ್‌ನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದ ಅಂಗೈಯಗಲದ ಮೊಮ್ಮಗನ ಫೋಟೊವನ್ನು ಗದಗಿನಲ್ಲಿ ಕೂತು ನೋಡಿದ ಗಿರಿಜಮ್ಮ ಆ ಹೆಸರು ಸೂಚಿಸಿದ್ದರು. ಹತ್ತೊಂಬತ್ತು ತುಂಬುವಷ್ಟರಲ್ಲಿ ಅವನು ಆರಡಿ ನಾಲ್ಕಿಂಚು ಬೆಳೆದು, ಅಟ್ಟದ ಕೋಣೆಯ ಬಾಗಿಲಿಗೆ ದಿನಾ ಹಣೆ ಜಜ್ಜಿಕೊಳ್ಳುತ್ತಿದ್ದ. ಹೆಸರು ಬದಲಿಸುವ ಕಾಲ ಮೀರಿತ್ತು.

ಅಪ್ಪ ತ್ಯಾಗರಾಜ ಚಿಪ್ ತಯಾರಿಸುವ ಯಂತ್ರಗಳ ಎಂಜಿನಿಯರ್. ಒಂದು ಭಾನುವಾರ ಮಗನನ್ನು ಕ್ರಿಕೆಟ್ಟಿಗೆ ಕರೆದೊಯ್ದಿದ್ದಾಗ ಪಕ್ಕದ ಮೈದಾನದಲ್ಲಿ ಹೋಂಕ್‌ಬಾಲ್ ನಡೆಯುತ್ತಿತ್ತು. ಬೇಸ್‌ಬಾಲಿಗೆ ಡಚ್ಚರ ಹೆಸರು ಅದು. ಹತ್ತು ವರ್ಷದ ವಾಮನ ಅತ್ತ ಹೋದವನು ಮತ್ತೆ ಕ್ರಿಕೆಟ್ಟಿನ ಕಡೆ ಬರಲಿಲ್ಲ. "ಅಲ್ಲಿ ಡಿಫೆನ್ಸ್ ಆಡೋದೇ ಇಲ್ಲ, ಪಪ್ಪಾ" ಎಂದ. ಅವನಿಗೆ ಬೇಕಾಗಿದ್ದೂ ಅಷ್ಟೇ.

ಹತ್ತೊಂಬತ್ತು ತುಂಬಿದ ವರ್ಷದ ಏಪ್ರಿಲ್‌ನಲ್ಲಿ ಊರ ಹೊರಗಿನ ಕ್ಲಬ್ಬೊಂದು ಅವನನ್ನು ಸಂಬಳಕ್ಕೆ ತೆಗೆದುಕೊಂಡಿತು. ನೇರವಾಗಿ, ಜೋರಾಗಿ ಬಂದ ಚೆಂಡನ್ನು ಅವನು ಬೇಲಿಯಾಚೆಗೆ ಅಟ್ಟುತ್ತಿದ್ದ. ಕ್ರಿಕೆಟ್ಟಿನ ಸಿಕ್ಸರಿನಂಥ ಆ ಹೊಡೆತವೇ ಹೋಮ್‌ರನ್. ಆದರೆ ಚೆಂಡು ಕೊನೇ ಗಳಿಗೆಯಲ್ಲಿ ಬಾಗಿ ಕೆಳಗಿಳಿದರೆ ಅವನ ಬ್ಯಾಟು ಗಾಳಿ ಬೀಸುತ್ತಿತ್ತು. ಮೂರು ಸಲ ಬೀಸಿ ತಪ್ಪಿದರೆ ಔಟು. ಎದುರಾಳಿಗಳಿಗೆ ಇದು ಎರಡೇ ಪಂದ್ಯದಲ್ಲಿ ಗೊತ್ತಾಯಿತು. ಕ್ಯುರಸಾವ್ ದ್ವೀಪದಿಂದ ಬಂದಿದ್ದ ಕೋಚ್ ರೂಬೆನ್, "ಇನ್ನೆರಡು ವಾರ ನೋಡ್ತೀನಿ, ಆಮೇಲೆ ಎರಡನೇ ತಂಡಕ್ಕೆ ಹೋಗು" ಎಂದ.

ಮೇ ತಿಂಗಳಲ್ಲಿ ಗಿರಿಜಮ್ಮ ಮೂರು ತಿಂಗಳ ವೀಸಾದ ಮೇಲೆ ಬಂದಿಳಿದರು. ಮೂವತ್ತು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದವರು. ಮೈಕಿಲ್ಲದೆ ಇಡೀ ಮೈದಾನವನ್ನು ಅಟೆನ್ಷನ್ ನಿಲ್ಲಿಸಿದ ಗಂಟಲು ಅವರದು. ಪಂದ್ಯ ನೋಡಲು ಕರೆದೊಯ್ದರೆ ಗ್ಯಾಲರಿಯ ನೆರಳಲ್ಲಿ ಚಳಿಯೆಂದು, ಬಿಸಿಲು ಬೀಳುವ ದೂರದ ಬೇಲಿಯಾಚೆ ಮಡಚುಕುರ್ಚಿ ಹಾಕಿಸಿಕೊಂಡು ಕೂತರು. ಮೊಮ್ಮಗ ಕಾಣಲೆಂದು ತ್ಯಾಗರಾಜನ ಹಕ್ಕಿ ನೋಡುವ ದುರ್ಬೀನೂ ಕೈಯಲ್ಲಿತ್ತು. ದುರ್ಬೀನಿನಲ್ಲಿ ಅವರಿಗೆ ಮೊಮ್ಮಗನಿಗಿಂತ ಅವನ ಹಿಂದೆ ಕುಕ್ಕರಗಾಲಲ್ಲಿ ಕೂತ ಎದುರಾಳಿ ಕ್ಯಾಚರ್‌ನ ಬೆರಳುಗಳು ಸ್ಪಷ್ಟವಾಗಿ ಕಂಡವು.

ಅಂದು ಸಂಜೆ ಊಟಕ್ಕೆ ಕೂತಾಗ ಅವರು ಹೇಳಿದರು: "ಆ ಕೂತಾಂವ ಒಂದ ಬೆರಳ ತೋರಿಸಿದ್ರ ಚೆಂಡು ನೆಟ್ಟಗ ಬರತೈತಿ. ಎರಡು ತೋರಿಸಿದ್ರ ಸೊಟ್ಟ."

"ಗೊತ್ತು ಅಜ್ಜಿ, ಅದು ಚೆಂಡು ಎಸೆಯೋನಿಗೆ ಅವರ ಸೈನ್. ಹೊರಗಿನವರು ನೋಡಿ ಹೇಳೋದು ಅಲೌಡ್ ಇಲ್ಲ. ಚೀಟಿಂಗ್."

"ನಾ ಯಾರಿಗೂ ಹೇಳಂಗಿಲ್ಲಪಾ" ಎಂದು ಗಿರಿಜಮ್ಮ ರೊಟ್ಟಿ ಮುರಿದರು. "ಸುಮ್ನ ಕೂಗತೀನಿ, ಅಷ್ಟ. ಅಜ್ಜಿ ಕೂಗಬಾರದು ಅಂತ ರೂಲ್ ಐತೇನು?"

ವಾಮನ ಬೇಡವೆನ್ನಬೇಕಿತ್ತು. ಎರಡನೇ ತಂಡ ನೆನಪಾಯಿತು. ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಮುಂದಿನ ಪಂದ್ಯದಲ್ಲಿ ದೂರದ ಬೇಲಿಯಿಂದ "ನೆಟ್ಟಗ" ಎಂಬ ಕೂಗು ಬಂತು. ಮರುಕ್ಷಣವೇ ಚೆಂಡು ಬೇಲಿ ದಾಟಿ ಸೈಕಲ್ ಸ್ಟ್ಯಾಂಡಿಗೆ ಬಿತ್ತು. "ಸೊಟ್ಟ" ಎಂದಾಗ ಅವನು ಕಾದು, ಬಾಗಿ ಬಂದ ಚೆಂಡನ್ನೂ ಎತ್ತಿ ಒಗೆದ. ಮೂರು ವಾರದಲ್ಲಿ ಐದು ಹೋಮ್‌ರನ್. ಸ್ಥಳೀಯ ಪತ್ರಿಕೆ ಅವನ ಫೋಟೊ ಹಾಕಿತು. ಬೇಲಿಯಾಚೆ ಕೂತು ತನ್ನ ಭಾಷೆಯಲ್ಲಿ ಪ್ರಾರ್ಥಿಸುವ ಅಜ್ಜಿಯ ಬಗ್ಗೆಯೂ ಎರಡು ಸಾಲು ಬರೆಯಿತು. ಅದನ್ನು ಸೊಸೆ ಊರ್ಮಿಳಾಳಿಂದ ಓದಿಸಿ ಕೇಳಿದ ಗಿರಿಜಮ್ಮ, ಪೇಪರಿನವರು ಭಾಳ ಒಳ್ಳೆಯವರು ಎಂದರು.

ಜೂನ್ ಕೊನೆಗೆ ಎನ್ಸ್‌ಕೆಡೆಯಿಂದ ಒಂದು ತಂಡ ಬಂತು. ಅದರ ಜೊತೆ ಶ್ರಾವ್ಯ ಬಂದಿದ್ದಳು. ತಿಪಟೂರಿನವಳು, ಎನ್ಸ್‌ಕೆಡೆಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತ ಬಿಡುವಿನಲ್ಲಿ ಆ ತಂಡದ ಅಂಕಿಅಂಶ ಬರೆದುಕೊಡುತ್ತಿದ್ದಳು. ವಾಮನ ಮೊದಲ ಸರದಿಯಲ್ಲೇ ಜೋರು ಹೊಡೆತ ಹೊಡೆದ. ಅದಕ್ಕೂ ಮುಂಚೆ ಗಾಳಿಯಲ್ಲಿ ತೇಲಿಬಂದ ಶಬ್ದಕ್ಕೆ ಶ್ರಾವ್ಯಳ ಪೆನ್ನು ನಿಂತಿತು. ಅವಳು ಪುಸ್ತಕವನ್ನು ಪಕ್ಕದವನಿಗೆ ಕೊಟ್ಟು ಬೇಲಿ ಸುತ್ತಿಕೊಂಡು ಹೋದಳು.

"ಯಾವೂರಾಯ್ತು ಅಜ್ಜಿ ನಿಮ್ದು?"

ಕನ್ನಡ ಕೇಳಿ ಗಿರಿಜಮ್ಮನಿಗೆ ಎಷ್ಟು ಖುಷಿಯಾಯಿತೆಂದರೆ, ಅವಳು ಯಾರ ಕಡೆಯವಳೆಂದು ಕೇಳುವುದೇ ಮರೆತುಹೋಯಿತು. ಚಕ್ಕುಲಿ ಕೊಟ್ಟರು. ದುರ್ಬೀನು ಕೊಟ್ಟರು. ಒಂದು ಬೆರಳು, ಎರಡು ಬೆರಳಿನ ವಿದ್ಯೆಯನ್ನೂ ಹೇಳಿಕೊಟ್ಟರು. ಶ್ರಾವ್ಯ ಗಂಭೀರವಾಗಿ ಎಲ್ಲ ಕಲಿತು, ಎರಡನೇ ಚಕ್ಕುಲಿ ತಿನ್ನುತ್ತ ವಾಪಸು ಬಂದು ತನ್ನ ಕ್ಯಾಚರ್‌ನ ಕಿವಿಯಲ್ಲಿ ಒಂದು ಮಾತು ಹಾಕಿದಳು: ಬೆರಳು ಅದಲುಬದಲು ಮಾಡು.

ವಾಮನ ಮತ್ತೆ ಆಡಲು ಬಂದ. "ನೆಟ್ಟಗ" ಕೇಳಿಸಿತು. ಅವನು ಮೈಯೆಲ್ಲ ಶಕ್ತಿ ಹಾಕಿ ಬೀಸಿದ. ಚೆಂಡು ಬಾಗಿ ಕೆಳಗಿಳಿಯಿತು. ವಾಮನ ತಾನೇ ಒಂದು ಸುತ್ತು ತಿರುಗಿ ನೆಲಕ್ಕೆ ಕುಕ್ಕರಿಸಿದ, ಹೆಲ್ಮೆಟ್ ಉರುಳಿತು. "ಸೊಟ್ಟ" ಎಂದಾಗ ಕಾದ. ಚೆಂಡು ನೆಟ್ಟಗೆ ಮೂಗಿನ ಮುಂದೆ ಹಾದುಹೋಯಿತು. ಆ ದಿನ ಮೂರು ಸಲ ಹಾಗೇ ಔಟಾದ. ಅತ್ತ ಗಿರಿಜಮ್ಮ ದುರ್ಬೀನಿನ ಗಾಜನ್ನು ಸೆರಗಿನಿಂದ ಒರೆಸುತ್ತಲೇ ಇದ್ದರು.

ಪಂದ್ಯ ಮುಗಿದ ಮೇಲೆ ಶ್ರಾವ್ಯ ಅವನ ಹತ್ತಿರ ಬಂದಳು. "ನಿಮ್ಮಜ್ಜಿ ವಾಯ್ಸ್ ಸೂಪರ್ ಕಣೋ. ತಿಪಟೂರಿಗೂ ಕೇಳಿಸುತ್ತೆ."

ವಾಮನನ ಕಿವಿ ಕೆಂಪಾಯಿತು. "ನೀವು ಅಂಪೈರ್‌ಗೆ ಹೇಳ್ತೀರಾ?"

"ನಾನು ಹೇಳಲ್ಲ. ನಿಮ್ಮನೆ ಚಕ್ಕುಲಿ ತಿಂದಿದೀನಿ. ನೀನೇ ನಿನ್ನ ಕೋಚ್‌ಗೆ ಹೇಳು."

ಮರುದಿನ ಅವನು ಹೇಳಿದ. ರೂಬೆನ್ ಮೊದಲು ನಂಬಲಿಲ್ಲ, ನಂಬಿದ ಮೇಲೆ ಬೆನ್ನು ತಿರುಗಿಸಿ ನಿಂತ. ಅವನ ಭುಜ ಕುಲುಕುತ್ತಿತ್ತು. ತಿರುಗಿದಾಗ ಮುಖದಲ್ಲಿ ನಗೆಯಿರಲಿಲ್ಲ. ಲೀಗಿನವರಿಗೆ ತಾನೇ ಪತ್ರ ಬರೆಯುತ್ತೇನೆಂದ. ವಾಮನನಿಗೆ ಎರಡು ವಾರ ಆಟ ಬಂದ್. ಅಷ್ಟೂ ದಿನ ಮಳೆಗೆ ಮೈದಾನ ಮುಚ್ಚುವ ತಾಡಪಾಲು ಎಳೆಯುವ ಕೆಲಸ. ಅಜ್ಜಿಗೆ ಪಂದ್ಯದ ದಿನ ಗ್ಯಾಲರಿಯಲ್ಲೇ ಜಾಗ, ಅದೂ ರೂಬೆನ್‌ನ ಹೆಂಡತಿಯ ಪಕ್ಕದಲ್ಲಿ.

ಗಿರಿಜಮ್ಮ ತಪ್ಪೊಪ್ಪಿಕೊಳ್ಳಲು ಅಭ್ಯಾಸದ ದಿನ ಬಂದರು. ಊರ್ಮಿಳಾ ಅನುವಾದಕ್ಕೆ ನಿಂತಳು. ಆದರೆ ಕ್ಷಮೆ ಎರಡು ವಾಕ್ಯಕ್ಕೇ ಮುಗಿದು, ಹಳೇ ಪಿ.ಟಿ. ಟೀಚರ್ ಎದ್ದರು. "ಇವಂಗ ಹೇಳವಾ, ಎಸಿಯಾಂವ ಚೆಂಡು ಬಿಡೂದ್ರಾಗ ಹುಡುಗ ಎಡಗಾಲ ಎತ್ತಿ ಇಟ್ಟಿರ್ತಾನ. ಖೋ ಅನ್ನೂಕಿಂತ ಮೊದಲ ಎದ್ದು ಓಡಿದ್ರ ಫೌಲ್ ಹೌದಲ್ಲ?"

ಖೋಖೋ ಎಂದರೇನೆಂದು ಅರ್ಥ ಮಾಡಿಸಲು ಊರ್ಮಿಳಾಳಿಗೆ ಹತ್ತು ನಿಮಿಷ ಹಿಡಿಯಿತು. ಅರ್ಥವಾದ ಮೇಲೆ ರೂಬೆನ್ ವಾಮನನ ಎಡಗಾಲನ್ನೇ ದಿಟ್ಟಿಸಿದ. ಅಂದಿನಿಂದ ಅವನು ದಿನಕ್ಕೆ ನೂರು ಸೊಟ್ಟ ಚೆಂಡು ಎಸೆದ. ವಾಮನ ಮೊದಲ ಮೂರು ದಿನ ಒಂದನ್ನೂ ಮುಟ್ಟಲಿಲ್ಲ. ನಾಲ್ಕನೇ ದಿನ ಕಾಲು ನಿಂತಿತು. ವಾರದ ಕೊನೆಗೆ ಬ್ಯಾಟಿಗೆ ಚೆಂಡು ತಗಲುವ ಸದ್ದು ಬದಲಾಯಿತು.

ಆಗಸ್ಟಿನಲ್ಲಿ ವೀಸಾ ಮುಗಿದು ಗಿರಿಜಮ್ಮ ಗದಗಿಗೆ ಹೊರಟರು. ಮರುವಾರ ಎನ್ಸ್‌ಕೆಡೆಯ ಮೈದಾನದಲ್ಲಿ, ಯಾರೂ ಕೂಗದಿರುವಾಗ, ಒಂದು ಚೆಂಡು ಬಾಗುತ್ತ ಬಂತು. ವಾಮನ ಕಾದ. ಹೊಡೆತ ಬೇಲಿಯ ಮೇಲಿನ ಜಾಹೀರಾತು ಹಲಗೆಗೂ ಮೇಲೆ ಹಾರಿ ಪಕ್ಕದ ಟೆನ್ನಿಸ್ ಕೋರ್ಟಿಗೆ ಬಿತ್ತು. ಅಲ್ಲಿ ಆಡುತ್ತಿದ್ದ ಮುದುಕರಿಬ್ಬರು ಎತ್ತಿ ನೋಡಿ, ತಮ್ಮದಲ್ಲವೆಂದು ವಾಪಸೆಸೆದರು. ಅದನ್ನು ಶ್ರಾವ್ಯ ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ವಾಮನ ನಾಲ್ಕು ಬೇಸ್‌ಗಳನ್ನು ಎಷ್ಟು ನಿಧಾನ ಸುತ್ತಿದನೆಂದರೆ ರೂಬೆನ್ ಬೈಯಬೇಕಾಯಿತು.

ಸೀಸನ್ ಮುಗಿಯುವಷ್ಟರಲ್ಲಿ ಅಂಥವು ನಾಲ್ಕಾದವು. ಚಳಿಗಾಲದಲ್ಲಿ ಆಮ್‌ಸ್ಟರ್‌ಡಾಮಿನ ಕಡೆಯ ದೊಡ್ಡ ಕ್ಲಬ್ಬೊಂದು ಅವನನ್ನು ಕರೆಯಿತು. ಅವನೀಗ ಅಲ್ಲಿನ ಬೈಟನ್‌ವೆಲ್ಡರ್ಟ್ ಬಡಾವಣೆಯಲ್ಲಿ ಬಾಡಿಗೆ ಕೋಣೆ ಹಿಡಿದು, ಬ್ಯಾಟನ್ನು ಬೆನ್ನಿಗೆ ಕಟ್ಟಿಕೊಂಡು ಸೈಕಲ್ಲಿನಲ್ಲಿ ಅಭ್ಯಾಸಕ್ಕೆ ಹೋಗುತ್ತಾನೆ. ಹೊಸ ಕೋಚ್ ಮೊದಲ ವಾರವೇ, ನಿನಗೆ ಈ ಕಾಯುವ ಅಭ್ಯಾಸ ಯಾರು ಕಲಿಸಿದರೆಂದು ಕೇಳಿದ. ವಾಮನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನ ಹೆಸರು ಹೇಳಿದ. ಅದು ಯಾವ ದೇಶದ ಅಕಾಡೆಮಿಯೆಂದು ಆ ಕೋಚ್ ಈಗಲೂ ಹುಡುಕುತ್ತಿದ್ದಾನೆ.